ಪತಿಯ ಹಂಗಿನ ವೀಸಾ: ಅಮೆರಿಕದ ವಲಸೆ ಶಾಸನಗಳ ವಿಮರ್ಶೆ

ವಿವಾಹಸಂಬಂಧದಿಂದ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ವಲಸೆ ಹೋಗಿ ಅಲ್ಲಿ ಪತಿಯಿಂದ ಹಿಂಸೆಗೊಳಗಾದ ಸ್ತ್ರೀಯರ ರಕ್ಷಣೆಗಾಗಿ ಆ ದೇಶದ ಶಾಸನಸಭೆಯು 1990ರಿಂದೀಚೆಗೆ ಹಲವು ವಿಧಿಗಳನ್ನು ರಚಿಸಿದೆ. ಇವನ್ನು ಒಂದರ ಮೇಲೊಂದು ಏರುವ ಸೋಪಾನಗಳೆಂದು ವರ್ಣಿಸುವುದುಂಟು. ಆ ವರ್ಣನೆಯು ಎಷ್ಟರಮಟ್ಟಿಗೆ ಸಾಧು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಬೆಂಗಳೂರಿನ ತಂತ್ರಜ್ಞರ ಪತ್ನಿಯರಾಗಿ ಅಲ್ಲಿಗೆ ತೆರಳುವ ಕನ್ನಡತಿಯರು ಅನೇಕರಿರುವುದರಿಂದ ಈ ವಿಚಾರವು ನಮಗೆ ಹೊರಗಿನದಲ್ಲ.

ಮೊದಲು ಮೂಲವನ್ನು ನೋಡತಕ್ಕದ್ದು. ಹಳೆಯ ಆಂಗ್ಲ ನ್ಯಾಯಪದ್ಧತಿಯಲ್ಲಿ ವಿವಾಹಿತೆಗೆ ಪತಿಯಿಂದ ಪ್ರತ್ಯೇಕವಾದ ನ್ಯಾಯಿಕ ವ್ಯಕ್ತಿತ್ವವಿರಲಿಲ್ಲ. ಈ ಭಾವನೆಯೇ ಅಮೆರಿಕದ ಪೌರತ್ವ ಶಾಸನಗಳಲ್ಲಿಯೂ ನೆಲೆಸಿತು. 1907ರ ಶಾಸನದ ಪ್ರಕಾರ ಪರದೇಶೀಯನನ್ನು ವರಿಸಿದ ಅಮೆರಿಕದ ಸ್ತ್ರೀಯು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರ ಕೇಬಲ್ ಶಾಸನವು ಇದನ್ನು ಬಹುಮಟ್ಟಿಗೆ ತೊಡೆದುಹಾಕಿತು. ಆದರೂ ಪೌರತ್ವಕ್ಕೆ ಅನರ್ಹರೆನಿಸಿದ್ದ ಏಷ್ಯನ್ನರನ್ನು ವರಿಸಿದವಳಿಗೆ 1931ರವರೆಗೆ ಆ ರಕ್ಷಣೆ ದೊರೆಯಲಿಲ್ಲ.

1986ರಲ್ಲಿ, ಸೋಗಿನ ವಿವಾಹಗಳನ್ನು ತಡೆಯುವ ನೆಪದಿಂದ, ಆ ಹಳೆಯ ಭಾವನೆಯು ಹೊಸ ರೂಪದಲ್ಲಿ ಮರಳಿತು. ಹೊಸದಾಗಿ ವಿವಾಹವಾಗಿ ಬಂದವಳಿಗೆ ಎರಡು ವರ್ಷಗಳ ಷರತ್ತಿನ ವಾಸ. ಅದನ್ನು ಖಾಯಂಗೊಳಿಸಲು ದಂಪತಿಗಳಿಬ್ಬರೂ ಕೂಡಿ ಅರ್ಜಿ ಹಾಕಬೇಕೆಂಬುದು ಸಾಮಾನ್ಯ ನಿಯಮವಾಯಿತು. ಹೊಡೆದ ಕೈಯೇ ರುಜು ಹಾಕಬೇಕಾಗಿ ಬಂದಿತು. 1990ರಲ್ಲಿ ಹಿಂಸೆಗೊಳಗಾದವಳಿಗೆ ಇದರಿಂದ ವಿನಾಯಿತಿ ದೊರೆಯಿತು. 1994ರ ಶಾಸನವು ಪತಿಯ ಅರಿವಿಲ್ಲದೆಯೇ ಆಕೆ ಸ್ವತಃ ಅರ್ಜಿ ಸಲ್ಲಿಸುವ ಹಕ್ಕನ್ನಿತ್ತಿತು. ಅದನ್ನು ಗೋಪ್ಯವಾಗಿಡುವ ಹೊಣೆಯನ್ನು 1996ರ ಶಾಸನವು ಅಧಿಕಾರಿಗಳ ಮೇಲೆ ಹೊರಿಸಿತು. ಇವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಹಕ್ಕಿಗೊಂದು ಕಟ್ಟುಂಟು: ಪತಿಯು ಅಮೆರಿಕದ ಪೌರನಾಗಲಿ ಖಾಯಂ ನಿವಾಸಿಯಾಗಲಿ ಆಗಿರಬೇಕು. ಎಚ್-1ಬಿ ವೀಸಾದ ಮೇಲೆ ದುಡಿಯುವವನ ಪತ್ನಿಯು ಎಚ್-4 ವೀಸಾದಲ್ಲಿರುತ್ತಾಳೆ. ಅವಳಿಗೆ ಈ ದಾರಿ ಮುಚ್ಚಿದೆ. ಉದ್ಯೋಗಮೂಲದ ಖಾಯಂ ವಾಸದಲ್ಲಿ ಯಾವುದೊಂದು ದೇಶಕ್ಕೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಪಾಲು ಸಲ್ಲದಾದ ಕಾರಣ ಭಾರತೀಯರು ಹಲವು ವರ್ಷ ಕಾಯಬೇಕಾಗುತ್ತದೆ. ಅಷ್ಟು ಕಾಲ ಪತ್ನಿಯೂ ಅವನ ಹಂಗಿನಲ್ಲಿಯೇ ಇರಬೇಕು. ಒಂದೇ ಬಗೆಯ ಏಟು ತಿಂದ ಇಬ್ಬರಲ್ಲಿ ಒಬ್ಬಳಿಗೆ ರಕ್ಷಣೆ, ಇನ್ನೊಬ್ಬಳಿಗಿಲ್ಲ. ಭೇದವಿರುವುದು ಹೊಡೆದವರ ಕಾಗದಪತ್ರಗಳಲ್ಲಿ.

2000ದ ಶಾಸನದಿಂದ ಬಂದ ಯು-ವೀಸಾಕ್ಕೆ ಅಪರಾಧಿಯ ಅಂತಸ್ತು ಬೇಕಿಲ್ಲವೆಂಬುದು ಅದರ ಹಿರಿಮೆ. ಆದರೆ ಅದಕ್ಕೆ ಪೊಲೀಸರೇ ಮೊದಲಾದ ಅಧಿಕಾರಿಗಳ ದೃಢೀಕರಣ ಬೇಕು. ಪ್ರಧಾನ ಅರ್ಜಿದಾರರಿಗೆ ವರ್ಷಕ್ಕೆ 10,000 ಎಂಬ ಮಿತಿಯೂ ಇದೆ. 2006ರ ಜನವರಿಯಲ್ಲಿ ಅಂಗೀಕೃತವಾದ ವಿಧಿಯು ಹಿಂಸೆಗೊಳಗಾದ ಎಚ್-4 ಪತ್ನಿಗೆ ದುಡಿಯುವ ಅನುಮತಿಯನ್ನು ಕಲ್ಪಿಸಿತು, ಆದರೆ ನೆಲೆಸುವ ಹಕ್ಕನ್ನು ಕೊಡಲಿಲ್ಲ. ಆ ಅನುಮತಿಯಾದರೂ ಕಾರ್ಯರೂಪಕ್ಕೆ ಬಂದುದು 2017ರಲ್ಲಿ.

ವಂಚನೆಯನ್ನು ತಡೆಯಲು ಇಂಥ ಕಟ್ಟುಗಳು ಅವಶ್ಯವೆಂಬ ಆಕ್ಷೇಪವು ಬರಬಹುದು. ವಿವಾಹವು ನಿಜವೇ, ಹಿಂಸೆ ನಡೆಯಿತೇ ಎಂಬುದನ್ನು ಸಾಕ್ಷ್ಯದಿಂದ ನಿರ್ಣಯಿಸುವುದು ಸರ್ಕಾರದ ಕರ್ತವ್ಯವೇ ಸರಿ. ಆದರೆ ಪತಿಯ ವೀಸಾ ಯಾವ ವರ್ಗದ್ದು ಎಂಬುದು ಪತ್ನಿಯ ಮಾತಿನ ಸತ್ಯಾಸತ್ಯಕ್ಕೆ ಪ್ರಮಾಣವಾಗಲಾರದು.

ಶಾಸನವು ಬಿಟ್ಟ ಕೊರತೆಯನ್ನು ತುಂಬಲು ಶ್ರಮಿಸಿದವರು ಅಲ್ಲಿಯ ದಕ್ಷಿಣ ಏಷ್ಯದ ಸ್ತ್ರೀಯರೇ. ನ್ಯೂಜೆರ್ಸಿಯಲ್ಲಿ 1985ರಲ್ಲಿ 'ಮಾನವಿ', ನ್ಯೂಯಾರ್ಕಿನಲ್ಲಿ 1989ರಲ್ಲಿ 'ಸಖಿ' ಸ್ಥಾಪಿತವಾದವು. ಸಮಾಜಶಾಸ್ತ್ರಜ್ಞೆ ಮಾರ್ಗರೆಟ್ ಅಬ್ರಹಾಂ ಅವರು 2000ದಲ್ಲಿ ಪ್ರಕಟಿಸಿದ 'ಸ್ಪೀಕಿಂಗ್ ದಿ ಅನ್‌ಸ್ಪೀಕಬಲ್' ಗ್ರಂಥವು ವಲಸೆ ಬಂದ ಸ್ತ್ರೀಯ ಒಂಟಿತನವನ್ನೂ ಇಂಥ ಸಂಸ್ಥೆಗಳ ಕಾರ್ಯವನ್ನೂ ವಿಚಾರಮಾಡುತ್ತದೆ. ನಮ್ಮ ವಿದ್ಯಾರ್ಥಿಗಳು ಅದನ್ನು ಅವಶ್ಯ ಓದಬೇಕು.

ಆದಕಾರಣ ಈ ಶಾಸನಗಳನ್ನು ಸೋಪಾನಗಳೆನ್ನುವುದಕ್ಕಿಂತ ಹಳೆಯ ಗೋಡೆಯಲ್ಲಿ ಒಂದೊಂದಾಗಿ ತೆರೆದ ಕಿಂಡಿಗಳೆನ್ನುವುದು ಯುಕ್ತವೆಂದು ತೋರುತ್ತದೆ. ಗೋಡೆಯು 1907ರ ಕಾಲದ್ದು. ಅದು ಇನ್ನೂ ನಿಂತಿದೆ. ರಕ್ಷಣೆಯನ್ನು ಅಳೆಯುವಾಗ ಪತಿಯ ಅಂತಸ್ತನ್ನು ಬಿಟ್ಟು ಆಕೆಯ ನೋವನ್ನೇ ಆಧಾರವಾಗಿಟ್ಟುಕೊಳ್ಳುವವರೆಗೆ ಈ ಸುಧಾರಣೆಯು ಪೂರ್ಣವಾಯಿತೆಂದು ಇತಿಹಾಸದ ವಿದ್ಯಾರ್ಥಿಯು ಒಪ್ಪುವಂತಿಲ್ಲ.