ದ್ರೋಹಿ, ದೇಶಭಕ್ತ ಮತ್ತು ಇಬ್ಬರು ಹೆಂಗಸರು

1994ರ ಕೊನೆಯಲ್ಲಿ ಕೇರಳದ ಪತ್ರಿಕೆಗಳು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಮಲಯಾಳಿಗಳು ‘ಚಾರಕೇಸ್’ ಎಂದು ಕರೆಯುವ ಇಸ್ರೋ ಬೇಹುಗಾರಿಕೆ ಪ್ರಕರಣ ವಾರದೊಳಗೆ ಕುಸಿದುಬೀಳುತ್ತಿತ್ತು: ಮಾರಿದ್ದಾದರೂ ಏನನ್ನು? ತಿರುವನಂತಪುರದ ವಿಜ್ಞಾನಿಗಳು ಕ್ರಯೋಜೆನಿಕ್ ಎಂಜಿನ್ನಿನ ಗುಟ್ಟನ್ನು ಮಾಲ್ದೀವ್ಸ್‌ನ ಹೆಂಗಸರ ಕೈಯಲ್ಲಿ ಪಾಕಿಸ್ತಾನಕ್ಕೆ ದಾಟಿಸಿದರು ಎಂಬುದು ಆರೋಪ. ಆ ಎಂಜಿನ್ ಆಗ ನಮ್ಮಲ್ಲಿ ಇರಲೇ ಇಲ್ಲ. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಜತೆ 1991ರಲ್ಲಿ ಆದ ಒಪ್ಪಂದದಿಂದ ತಂತ್ರಜ್ಞಾನ ವರ್ಗಾವಣೆಯ ಭಾಗ ಅಮೆರಿಕದ ಒತ್ತಡಕ್ಕೆ 1993ರಲ್ಲೇ ಉದುರಿಹೋಗಿತ್ತು. ಸ್ವದೇಶಿ ಕ್ರಯೋಜೆನಿಕ್ ಹಂತ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ.

ಪ್ರಶ್ನೆ ಏಳಲಿಲ್ಲ, ಏಕೆಂದರೆ ಕಥೆ ಅಷ್ಟು ಚೆನ್ನಾಗಿತ್ತು. ಪ್ಲೇಗ್ ಭೀತಿಯಿಂದ ವಿಮಾನ ರದ್ದಾಗಿ, ವೀಸಾ ಅವಧಿ ಮುಗಿದು ಸಿಕ್ಕಿಕೊಂಡಿದ್ದ ಮಾಲ್ದೀವ್ಸ್‌ನ ಮರಿಯಂ ರಶೀದಾ ಅಕ್ಟೋಬರ್ 20ರಂದು ಬಂಧನಕ್ಕೊಳಗಾದರು. ಪತ್ರಿಕೆಗಳಲ್ಲಿ ಆಕೆ ‘ಮಾತಾ ಹರಿ’ಯಾದರು. ಅದೇ ದೇಶದ ಫೌಜಿಯಾ ಹಸನ್, ಇಸ್ರೋ ವಿಜ್ಞಾನಿ ಡಿ. ಶಶಿಕುಮಾರನ್, ನವೆಂಬರ್ 30ಕ್ಕೆ ಇನ್ನೊಬ್ಬ ವಿಜ್ಞಾನಿ ನಂಬಿ ನಾರಾಯಣನ್ ಹೀಗೆ ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು. ಪಾಕಿಸ್ತಾನದ ಭಯ, ಪರದೇಶಿ ಹೆಣ್ಣಿನ ಮೈಯ ಬಗೆಗಿನ ಚಪಲ, ದೊಡ್ಡ ಸಂಬಳದ ವಿಜ್ಞಾನಿಯ ಮೇಲಿನ ಮತ್ಸರ: ಅರಿಷಡ್ವರ್ಗದ ಒಂದೆರಡಾದರೂ ದಿನಾ ಬೆಳಗಿನ ಚಹಾದೊಂದಿಗೆ ಮನೆಮನೆ ತಲುಪುತ್ತಿದ್ದವು. ಪೊಲೀಸರಿಂದ ಸೋರಿದ್ದು ಸುದ್ದಿಯಾಗುತ್ತಿತ್ತು, ಸುದ್ದಿಯಾದದ್ದೇ ಸಾಕ್ಷ್ಯವೆಂಬಂತೆ ಭಾಷಣಗಳಲ್ಲಿ ಮೊಳಗುತ್ತಿತ್ತು. ಆಗ ವಾಟ್ಸ್‌ಆ್ಯಪ್ ಇರಲಿಲ್ಲ ಎಂಬುದನ್ನು ನೆನಪಿಡಬೇಕು. 1991ರಲ್ಲಷ್ಟೇ ಪೂರ್ಣ ಸಾಕ್ಷರವೆಂದು ಘೋಷಿಸಿಕೊಂಡ ರಾಜ್ಯದಲ್ಲಿ ಇದೆಲ್ಲ ಅಚ್ಚಿನ ಅಕ್ಷರದಲ್ಲೇ ನಡೆಯಿತು. ಓದು ಬಂದರೆ ಜನ ಮರುಳಾಗುವುದಿಲ್ಲ ಎಂದು ನಂಬುವ ನಮ್ಮಂಥವರಿಗೆ ಇದು ಕಹಿ. ಜೆ. ರಾಜಶೇಖರನ್ ನಾಯರ್ ಅವರಂಥ ಪತ್ರಕರ್ತರು ಕಥೆಯನ್ನು ಪ್ರಶ್ನಿಸಿದ್ದುಂಟು. ಆದರೆ ಅನುಮಾನಪಡುವವನ ಬರಹಕ್ಕೆ ರೋಚಕತೆ ಎಲ್ಲಿಂದ ಬರಬೇಕು?

ರಾಜಕಾರಣಕ್ಕೆ ಇದರಲ್ಲಿ ಬೇಕಾಗಿದ್ದುದು ರಾಕೆಟ್ ಅಲ್ಲ, ಮುಖ್ಯಮಂತ್ರಿ ಕೆ. ಕರುಣಾಕರನ್ ಅವರ ಕುರ್ಚಿ. ಅವರಿಗೆ ಹತ್ತಿರದವರೆನ್ನಲಾದ ಐಜಿ ರಮಣ್ ಶ್ರೀವಾಸ್ತವ ಅವರ ಹೆಸರು ಪ್ರಕರಣಕ್ಕೆ ಅಂಟಿಕೊಂಡದ್ದೇ ತಡ, ಕಾಂಗ್ರೆಸ್ಸಿನೊಳಗಿನ ಆಂಟನಿ ಬಣವೂ ಎದುರಿನ ಎಡರಂಗವೂ ಒಂದೇ ರಾಗ ಹಾಡಿದವು. 1995ರ ಮಾರ್ಚ್‌ನಲ್ಲಿ ‘ಲೀಡರ್’ ಎಂದೇ ಕರೆಸಿಕೊಳ್ಳುತ್ತಿದ್ದ ಕರುಣಾಕರನ್ ರಾಜೀನಾಮೆ ಕೊಟ್ಟರು. ಪ್ರಕರಣವೇ ಸುಳ್ಳೆಂದು ಸಿಬಿಐ ವರದಿ ಕೊಟ್ಟು, ಕೊಚ್ಚಿಯ ಎರ್ನಾಕುಲಂ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಿದ್ದು 1996ರ ಮೇ ತಿಂಗಳಲ್ಲಿ. ಅದೇ ತಿಂಗಳು ಗೆದ್ದುಬಂದ ಎಡರಂಗದ ಸರ್ಕಾರ ಮತ್ತೆ ರಾಜ್ಯ ಪೊಲೀಸರಿಂದ ತನಿಖೆಗೆ ಆದೇಶಿಸಿತು. ಸುಪ್ರೀಂ ಕೋರ್ಟ್ 1998ರಲ್ಲಿ ಅದನ್ನು ರದ್ದುಮಾಡಬೇಕಾಯಿತು. ಜನರ ಸಿಟ್ಟು ಇನ್ನೂ ಬಿಸಿಯಾಗಿರುವಾಗ ಸತ್ಯವನ್ನು ಒಪ್ಪಿಕೊಳ್ಳಲು ಯಾವ ಪಕ್ಷಕ್ಕೂ ಆತುರವಿರಲಿಲ್ಲ.

ಈ ಅನ್ಯಾಯವನ್ನು ದೇಶಕ್ಕೆಲ್ಲ ಮುಟ್ಟಿಸಿದ್ದು ಆರ್. ಮಾಧವನ್ ಬರೆದು, ನಿರ್ದೇಶಿಸಿ, ನಂಬಿಯವರ ಪಾತ್ರದಲ್ಲಿ ನಟಿಸಿದ ‘ರಾಕೆಟ್ರಿ: ದ ನಂಬಿ ಎಫೆಕ್ಟ್’ (2022). ನೋಡಿದವರ ಕಣ್ಣು ಒದ್ದೆಯಾಗಿದ್ದರೆ ಆಶ್ಚರ್ಯವಿಲ್ಲ. ಕೊನೆಯಲ್ಲಿ ಮಾಧವನ್ ಇದ್ದ ಕುರ್ಚಿಯಲ್ಲಿ ನಿಜವಾದ ನಂಬಿ ನಾರಾಯಣನ್ ಕುಳಿತಿರುತ್ತಾರೆ; ಸಂದರ್ಶಕನಾಗಿ ಹಿಂದಿಯಲ್ಲಿ ಶಾರುಖ್ ಖಾನ್, ತಮಿಳಿನಲ್ಲಿ ಸೂರ್ಯ ನಂಬಿಯವರ ಕ್ಷಮೆ ಕೇಳುತ್ತಾರೆ. ನನ್ನ ತಕರಾರು ಇಲ್ಲಿಯೇ. 1994ರ ಪತ್ರಿಕೆಗಳು ಎಳೆದ ದಾರವನ್ನೇ ಈ ಚಿತ್ರವೂ ಎಳೆಯುತ್ತದೆ. ಅಂದು ‘ದೇಶದ್ರೋಹಿ’ ಎಂದು ಕುದಿಸಿದರು, ಇಂದು ‘ದೇಶಭಕ್ತ’ ಎಂದು ಅಳಿಸುತ್ತಾರೆ. ಆತ ಮಹಾಮೇಧಾವಿ, ದೇಶಕ್ಕಾಗಿ ನಾಸಾದ ಕರೆಯನ್ನೂ ಒಲ್ಲೆನೆಂದವ, ಆದ್ದರಿಂದ ಕ್ಷಮೆಗೆ ಅರ್ಹ ಎಂಬುದು ಚಿತ್ರದ ತರ್ಕ. ನಾಯಕನನ್ನು ಎತ್ತರಿಸುವ ಭರದಲ್ಲಿ ಚಿತ್ರ ಸತ್ಯವನ್ನೂ ಎಳೆದಾಡಿದೆ ಎಂದು ಅದೇ ವರ್ಷದ ಆಗಸ್ಟ್‌ನಲ್ಲಿ ತಿರುವನಂತಪುರದಲ್ಲಿ ಇಸ್ರೋದ ಮಾಜಿ ವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆದು ಆಕ್ಷೇಪಿಸಿದರು. ಅವರಲ್ಲಿ ನಂಬಿಯವರೊಂದಿಗೇ ಆರೋಪಿಯಾಗಿದ್ದ ಶಶಿಕುಮಾರನ್ ಕೂಡ ಇದ್ದರು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೇನೋ ಬಂತು.

ಮೇಧಾವಿಯಲ್ಲದ, ನಂಬಿಯವರಂತೆ ಪದ್ಮಭೂಷಣ ಪಡೆಯದ ಆರೋಪಿಗಳ ಕಥೆ ಏನು? ಬೆಂಗಳೂರಿನಲ್ಲಿ ಗ್ಲಾವ್‌ಕಾಸ್ಮಾಸ್‌ನ ಪ್ರತಿನಿಧಿಯಾಗಿದ್ದ ಕೆ. ಚಂದ್ರಶೇಖರ್ ಅವರನ್ನೂ ಇದೇ ಕೇಸಿನಲ್ಲಿ ಹಿಡಿದಿದ್ದರು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ನಂಬಿಯವರಿಗೆ 50 ಲಕ್ಷ ರೂಪಾಯಿ ಪರಿಹಾರ ಘೋಷಿಸಿದಾಗ ಚಂದ್ರಶೇಖರ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಎರಡು ದಿನಕ್ಕೆ ತೀರಿಕೊಂಡರು. ನಮ್ಮೂರಿನವರೇ ಆದರೂ ಅವರ ಹೆಸರು ಹೇಳಿದರೆ ಇಲ್ಲಿ ಎಷ್ಟು ಜನಕ್ಕೆ ಗೊತ್ತಾದೀತು? ಇನ್ನು ಮಾಲ್ದೀವ್ಸ್‌ನ ಹೆಂಗಸರು. ನಂಬಿ ಜೈಲಿನಲ್ಲಿದ್ದದ್ದು 50 ದಿನ, ಇವರು ಸುಮಾರು ಮೂರು ವರ್ಷ. ಪತ್ರಿಕೆಗಳಿಗೆ ಇವರ ಮೈಯೇ ಸುದ್ದಿಯಾಗಿತ್ತು, ಚಿತ್ರದಲ್ಲಿ ಇವರಿಗೆ ಸಿಕ್ಕಿದ್ದು ಅಂಚಿನ ಜಾಗ. ‘ರಾಕೆಟ್ರಿ’ ಬಿಡುಗಡೆಯಾದ ಎರಡು ತಿಂಗಳೊಳಗೆ ಫೌಜಿಯಾ ಹಸನ್ ಶ್ರೀಲಂಕಾದಲ್ಲಿ ಕಣ್ಣುಮುಚ್ಚಿದರು. ಅವರು ಭಾರತದ ಪ್ರಜೆಯಲ್ಲ, ಈ ದೇಶಕ್ಕಾಗಿ ಯಾವ ತ್ಯಾಗವನ್ನೂ ಮಾಡಿದವರಲ್ಲ. ಸುಳ್ಳು ಕೇಸಿನಲ್ಲಿ ಸಿಕ್ಕಿಬಿದ್ದಿದ್ದರು, ಅಷ್ಟೆ. ಅಷ್ಟು ಮಾತ್ರದಿಂದ ಪ್ರೇಕ್ಷಕನನ್ನು ಅಳಿಸಬಲ್ಲ ಚಿತ್ರಕಥೆಯನ್ನು ಮಾಧವನ್ ಬರೆಯಲಿಲ್ಲ.