ವಿರಾಮವನ್ನು ಅಳೆಯುವ ಬಗೆ: ‘ಮಾರಿಯೆಂಟಾಲ್’ ಅಧ್ಯಯನದ ಒಂದು ವಿಮರ್ಶೆ

ಮನುಷ್ಯನ ದುಡಿಮೆಯನ್ನು ಅಳೆಯುವುದು ಸುಲಭ. ಅವನ ಬಿಡುವನ್ನು ಅಳೆಯುವುದು ಕಷ್ಟ. ದುಡಿಮೆಗೆ ಕೂಲಿಯ ಲೆಕ್ಕವಿದೆ, ಹಾಜರಿ ಪುಸ್ತಕವಿದೆ. ಬಿಡುವಿಗೆ ಅಂತಹ ಸಾಕ್ಷಿಗಳಿಲ್ಲ. ಆದುದರಿಂದ ವಿರಾಮವನ್ನು ಕುರಿತು ಅಧ್ಯಯನ ಮಾಡುವ ವಿದ್ವಾಂಸರಿಗೆ ವಿಷಯಕ್ಕಿಂತ ಮೊದಲು ವಿಧಾನದ ಪ್ರಶ್ನೆ ಎದುರಾಗುತ್ತದೆ. ಈ ಪ್ರಶ್ನೆಗೆ ದೊರೆತ ಅಪೂರ್ವವಾದ ಉತ್ತರಗಳಲ್ಲೊಂದು, ಮಾರೀ ಯಾಹೋಡ, ಪಾಲ್ ಲಾಜರ್ಸ್‌ಫೆಲ್ಡ್ ಹಾಗೂ ಹಾನ್ಸ್ ಝೈಸೆಲ್ ಅವರು ರಚಿಸಿ 1933ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ‘ಮಾರಿಯೆಂಟಾಲಿನ ನಿರುದ್ಯೋಗಿಗಳು’ ಎಂಬ ಗ್ರಂಥ.

ಲಾಜರ್ಸ್‌ಫೆಲ್ಡ್ ಮೊದಲಿಗೆ ಕಾರ್ಮಿಕರ ವಿರಾಮವನ್ನೇ ಅಧ್ಯಯನ ಮಾಡಬಯಸಿದ್ದರು. ಕೆಲಸವೇ ಇಲ್ಲದ ಜನರ ನಡುವೆ ವಿರಾಮದ ಮಾತೆತ್ತುವುದು ಅನುಚಿತವೆಂದು ಆಸ್ಟ್ರಿಯಾದ ಸಮಾಜವಾದಿ ನಾಯಕ ಒಟ್ಟೋ ಬೌವರ್ ಅವರು ಎಚ್ಚರಿಸಿ, ನಿರುದ್ಯೋಗವನ್ನು ಕುರಿತು ವಿಚಾರಿಸುವಂತೆ ಸೂಚಿಸಿದರು. ವಿಯೆನ್ನಾ ನಗರಕ್ಕೆ ಸಮೀಪದ ಮಾರಿಯೆಂಟಾಲಿನಲ್ಲಿ ಜವಳಿ ಕಾರ್ಖಾನೆ ಮುಚ್ಚಿ, 478 ಕುಟುಂಬಗಳ ಆ ಊರು ಬಹುಮಟ್ಟಿಗೆ ಕೆಲಸ ಕಳೆದುಕೊಂಡಿತ್ತು. ಸಂಶೋಧಕರು 1931ರ ಕೊನೆಯಲ್ಲಿ ಅಲ್ಲಿಗೆ ಹೋದರು.

ಅವರು ಪ್ರಶ್ನಾವಳಿಯೊಂದನ್ನೇ ನಂಬಿ ಕುಳಿತುಕೊಳ್ಳಲಿಲ್ಲ. ಕಾರ್ಮಿಕರ ಗ್ರಂಥಾಲಯದ ದಾಖಲೆಗಳನ್ನು ತೆರೆದು ನೋಡಿದರು. ಎರವಲು ಶುಲ್ಕವನ್ನು ತೆಗೆದುಹಾಕಿದ್ದರೂ 1929ರಿಂದ 1931ರ ಒಳಗೆ ಪುಸ್ತಕಗಳ ಎರವಲು ಸುಮಾರು ಅರ್ಧಕ್ಕೆ ಇಳಿದಿತ್ತು. ಕಿಟಕಿಯ ಮರೆಯಲ್ಲಿ ಗಡಿಯಾರ ಹಿಡಿದು ಕುಳಿತು, ಬೀದಿಯಲ್ಲಿ ನಡೆಯುವವರ ವೇಗವನ್ನು ಎಣಿಸಿದರು. ಗಂಡಸರ ನಡಿಗೆ ಹೆಂಗಸರದಕ್ಕಿಂತ ನಿಧಾನ. ಅವರು ನಡುನಡುವೆ ನಿಲ್ಲುವುದೂ ಹೆಚ್ಚು. ದಿನಚರಿಯ ಹಾಳೆಗಳನ್ನು ಹಂಚಿ ಗಂಟೆಗಂಟೆಯ ವಿವರ ಕೇಳಿದಾಗ, ಗಂಡಸರಲ್ಲಿ ಹಲವರಿಗೆ ಏಳುವುದು, ಉಣ್ಣುವುದು, ಮಲಗುವುದು ಇವುಗಳ ನಡುವೆ ಬರೆಯಲು ಏನೂ ತೋಚಲಿಲ್ಲ. ಹೆಂಗಸರ ಹಾಳೆಗಳಾದರೋ ಅಡುಗೆ, ಒಗೆತ, ಹೊಲಿಗೆಗಳಿಂದ ತುಂಬಿದ್ದವು. ಕೂಲಿ ನಿಂತರೂ ಅವರ ಕೆಲಸ ನಿಂತಿರಲಿಲ್ಲ.

ಗ್ರಂಥದ ಶಕ್ತಿಯಿರುವುದು ಇಲ್ಲಿಯೇ. ಇಲ್ಲಿ ಒಂದು ಅಂಕಿ ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ದುಡಿಮೆಯನ್ನೂ ನಿದ್ರೆಯನ್ನೂ ಕಳೆದರೆ ಉಳಿಯುವುದೇ ವಿರಾಮ ಎಂಬ ಕಲ್ಪನೆ ಮಾರಿಯೆಂಟಾಲಿನಲ್ಲಿ ಸುಳ್ಳಾಯಿತು. ಕಾಲ ಹೇರಳವಾಗಿತ್ತು, ವಿರಾಮವಿರಲಿಲ್ಲ. ಬಿಡುವಿಗೆ ಬೆಲೆ ಬರುವುದು ಹೊಣೆಯ ಪಕ್ಕದಲ್ಲಿ ನಿಂತಾಗ ಮಾತ್ರ.

ಆದರೂ ಒಂದು ಆಕ್ಷೇಪವನ್ನು ಎತ್ತದೆ ವಿಧಿಯಿಲ್ಲ. ಯಾವ ಸಂಶೋಧಕನೂ ಬರಿಯ ಪ್ರೇಕ್ಷಕನಾಗಿ ಊರಿನಲ್ಲಿರಕೂಡದು, ಜನರಿಗೆ ಉಪಯುಕ್ತವಾದ ಕಾರ್ಯವೊಂದನ್ನು ಕೈಗೊಂಡಿರಬೇಕು ಎಂಬುದು ಆ ತಂಡದ ನಿಯಮವಾಗಿತ್ತು. ಅಂತೆಯೇ ಬಟ್ಟೆ ಹಂಚಿದರು, ವೈದ್ಯಕೀಯ ಸಲಹೆ ನೀಡಿದರು, ಹೊಲಿಗೆಯ ಮಾದರಿ ಬರೆಯುವುದನ್ನು ಕಲಿಸಿದರು. ಇದು ಶ್ಲಾಘ್ಯ. ಆದರೆ ಬಟ್ಟೆಯ ಅಗತ್ಯ ವಿಚಾರಿಸಲು ಮನೆಗೆ ಹೋದವರು ಆ ಮನೆಯ ಸ್ಥಿತಿಗತಿಯನ್ನೂ ಬರೆದುಕೊಂಡು ಬಂದರು. ಬೀದಿಯ ನಡಿಗೆ ಎಲ್ಲರ ಕಣ್ಣಿಗೂ ಬೀಳುವಂಥದು. ನೋಡುತ್ತಿದ್ದಾರೆಂದು ತಿಳಿದರೆ ನಡಿಗೆಯೇ ಬದಲಾದೀತು ಎಂಬ ಸಮಾಧಾನವನ್ನು ಒಪ್ಪಬಹುದು. ಒಂದು ಮನೆಯ ಬಡತನ ಹಾಗಲ್ಲ. ಅದನ್ನು ಬರೆದುಕೊಳ್ಳಲು ಮನೆಯವರ ತಿಳಿದ ಒಪ್ಪಿಗೆ ಬೇಕು. ನೆರವು ಪಡೆಯುವವರಿಗೆ ‘ಒಲ್ಲೆ’ ಎನ್ನುವ ಧೈರ್ಯ ಎಲ್ಲಿಂದ ಬಂದೀತು?

ನಮ್ಮ ದೇಶದಲ್ಲಿ 2019ರಲ್ಲಿ, ಮತ್ತೆ 2024ರಲ್ಲಿ ನಡೆದ ರಾಷ್ಟ್ರೀಯ ಕಾಲ ಬಳಕೆ ಸಮೀಕ್ಷೆಯ ಕ್ರಮ ಬೇರೆ. ಆರು ವರ್ಷ ಮೇಲ್ಪಟ್ಟವರ ಹಿಂದಿನ ದಿನವನ್ನು ಬೆಳಗಿನ ಜಾವ 4 ಗಂಟೆಯಿಂದ ಮೊದಲುಗೊಂಡು ಅರ್ಧಗಂಟೆಯ ಭಾಗಗಳಾಗಿ ವಿಂಗಡಿಸಿ ಕೇಳಲಾಯಿತು. ಉದ್ದೇಶವನ್ನು ಬಚ್ಚಿಡದ ಈ ಕ್ರಮದಲ್ಲಿ ಪ್ರಾಮಾಣಿಕತೆಯಿದೆ, ಹೋಲಿಕೆಗೆ ಅನುಕೂಲವಿದೆ. ಆದರೆ ಮಾರಿಯೆಂಟಾಲಿನ ಬೀದಿಯಲ್ಲಿ ಕಂಡ ಆ ನಿಧಾನದ ಹೆಜ್ಜೆ ಇಂತಹ ಪಟ್ಟಿಯಲ್ಲಿ ಕಾಣಿಸದು. ಎರಡು ಕ್ರಮಗಳೂ ಒಂದನ್ನೊಂದು ತಿದ್ದಬೇಕು.

ಬಟ್ಟೆ ಹಂಚುವ, ವೈದ್ಯಕೀಯ ಶಿಬಿರ ನಡೆಸುವ ಸಂಸ್ಥೆಗಳೂ ಇಂದು ಫಲಾನುಭವಿಗಳ ವಿವರಗಳನ್ನು ಬರೆದಿಡುತ್ತವೆ. ಕೊಡುವ ಕೈಯೇ ಲೆಕ್ಕ ಬರೆಯುವ ಕೈಯೂ ಆದಾಗ, ಏಕೆ ಬರೆಯುತ್ತಿದ್ದೇವೆಂದು ಮೊದಲೇ ತಿಳಿಸುವುದು ಕರ್ತವ್ಯ. ವಿವರ ಹೇಳಲೊಪ್ಪದವರಿಗೂ ನೆರವು ಸಲ್ಲಲೇಬೇಕು. ತೊಂಬತ್ತು ವರ್ಷ ದಾಟಿದ ಈ ಗ್ರಂಥವನ್ನು ಅದರ ಜ್ಞಾನಕ್ಕಾಗಿ ಓದುವಂತೆಯೇ ಈ ಎಚ್ಚರಿಕೆಗಾಗಿಯೂ ಓದುವುದು ಯೋಗ್ಯ.