ಅಮ್ಮನ ಚಟ್ನಿಪುಡಿಗೆ 14 ಅಂಕಿ

ಶ್ರಾವಣದ ಒಂದು ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಅಮ್ಮ ಎಂದಿನಂತೆ ಒಂದು ಮೆಸೇಜ್ ಹಾಕಿದರು. ಚಟ್ನಿಪುಡಿ, ಸಾರಿನ ಪುಡಿ, ನಿಪ್ಪಟ್ಟು ಸಿದ್ಧ ಇದೆ, ಬೇಕಾದವರು ಹೇಳಿ. ಐದು ನಿಮಿಷಕ್ಕೆ ಉತ್ತರ ಬಂತು: "ಆಂಟಿ, ನಿಮ್ಮ ಹತ್ರ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ?"

ಅಮ್ಮ ನನ್ನ ಕಡೆ ತಿರುಗಿ, "ಬ್ಯಾಂಕ್ ನಂಬರ್ ಯಾಕೆ ಕೇಳ್ತಿದಾರೆ? ಗೂಗಲ್ ಪೇ ಇದೆಯಲ್ಲ" ಅಂದರು.

ನಗು ಬಂತು. ಆಮೇಲೆ ಸ್ವಲ್ಪ ಕೋಪವೂ ಬಂತು. ಲಾಕ್‌ಡೌನ್‌ನಲ್ಲಿ ಶುರುವಾದ ಈ ವ್ಯಾಪಾರದಿಂದ ಅಮ್ಮನಿಗೆ ತಿಂಗಳಿಗೆ ಆರೇಳು ಸಾವಿರ ಸಿಗುತ್ತೆ. ಅರುವತ್ತು ದಾಟಿದ ಮೇಲೆ ಅವರ ಕೈಗೆ ಬಂದ ಮೊದಲ ಸ್ವಂತ ದುಡ್ಡು ಅದು. ಇದಕ್ಕೂ ಸರ್ಕಾರದ ನಂಬರ್ ಬೇಕಾ? ಸಾಮಾನ್ಯವಾಗಿ ಸಿನಿಮಾ, ಪುಸ್ತಕದ ಬಗ್ಗೆ ಕೊಂಕು ತೆಗೆಯೋ ನಾನು ಆ ವಾರ ಕೂತು ನಿಯಮಾವಳಿಯನ್ನೇ ಓದಿದೆ. ಹಾಗಾಗಿ ಈ ಸಲ ಅದರದ್ದೇ ವಿಮರ್ಶೆ.

ಮೊದಲು ಕಥಾಸಾರಾಂಶ. ಆಹಾರ ಸುರಕ್ಷತಾ ಕಾಯ್ದೆ 2006ರದ್ದು, ಲೈಸೆನ್ಸ್ ಮತ್ತು ನೋಂದಣಿಯ ನಿಯಮಾವಳಿ 2011ರದ್ದು. ನಾನು ಓದಿದಾಗ ಇದ್ದ ನಿಯಮದಂತೆ, ವರ್ಷದ ವಹಿವಾಟು 12 ಲಕ್ಷ ರೂಪಾಯಿಯೊಳಗಿದ್ದರೆ ನೀವು 'ಸಣ್ಣ ಆಹಾರ ತಯಾರಕರು'. ಲೈಸೆನ್ಸ್ ಬೇಡ, ನೋಂದಣಿ ಸಾಕು. ಫೀಸು ವರ್ಷಕ್ಕೆ 100 ರೂಪಾಯಿ. ಕೊಟ್ಟರೆ 14 ಅಂಕಿಯ ನಂಬರ್. ಅರ್ಜಿ ಹಾಕಿದ 7 ದಿನದಲ್ಲಿ ಅಧಿಕಾರಿ ಒಪ್ಪಬೇಕು, ಇಲ್ಲ ಅನ್ನಬೇಕು, ಇಲ್ಲವೇ ತಪಾಸಣೆಗೆ ಬರ್ತೀನಿ ಅನ್ನಬೇಕು. ಏನೂ ಹೇಳದಿದ್ದರೆ ನೀವು ವ್ಯಾಪಾರ ಶುರು ಮಾಡಬಹುದು. ಒಂದು ಸರ್ಕಾರಿ ನಿಯಮ ಇಷ್ಟು ಉದಾರವಾಗಿರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಶುಚಿತ್ವದ ಷರತ್ತುಗಳು ನಾಲ್ಕನೇ ಅನುಸೂಚಿಯಲ್ಲಿವೆ. ಓದ್ತಾ ಓದ್ತಾ ನನಗೆ ಅಜ್ಜಿಯ ದನಿ ಕೇಳಿಸಿತು. ಉಗುರು ಕತ್ತರಿಸಿರಬೇಕು. ಅಡುಗೆ ಮಾಡುವಾಗ ಮೈ, ತಲೆ ಕೆರೆದುಕೊಳ್ಳಬಾರದು. ಸಡಿಲವಾದ ಒಡವೆ ಹಾಕಬಾರದು. ಉಗುಳಬಾರದು, ಮೂಗು ಸೀನಬಾರದು. ತಾಮ್ರ, ಹಿತ್ತಾಳೆಯ ಪಾತ್ರೆಗೆ ಒಳಗೆ ಲೇಪ ಇರಬೇಕು, ಅಂದ್ರೆ ಕಲಾಯಿ! ಬೀದಿ ಬೀದಿಯಲ್ಲಿ ಕೂಗ್ತಾ ಬರ್ತಿದ್ದ ಕಲಾಯಿಯವನು ದೆಹಲಿಯ ಗೆಜೆಟ್‌ನಲ್ಲಿ ಬದುಕಿದ್ದಾನೆ ಅಂತ ಗೊತ್ತಾಗಿ ಖುಷಿಯಾಯ್ತು.

ಆದರೆ ಇದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಮನೆ ಅಲ್ಲ, ಒಂದು ಪುಟ್ಟ ಕಾರ್ಖಾನೆ. ಕೈಗವಸು, ಏಪ್ರನ್, ತಲೆಗೆ ಟೋಪಿ. ಓಡಾಡಲು ಸಾಕಷ್ಟು ಜಾಗ. ಕಿಟಕಿ, ಬಾಗಿಲಿಗೆ ಜಾಲರಿ. ನಿರಂತರ ಕುಡಿಯುವ ನೀರು. ಬಣ್ಣದ ಚಕ್ಕೆ ಏಳದ ಗೋಡೆ. ಅರ್ಜಿಯ ನಮೂನೆಯಲ್ಲಿ 'ಮನೆ' ಅನ್ನೋ ಪದ ಹುಡುಕಿದೆ. ವ್ಯಾಪಾರದ ವಿಧಗಳ ಪಟ್ಟಿಯಲ್ಲಿ ತಳ್ಳುಗಾಡಿ ಮತ್ತು ಚಹಾ ಅಂಗಡಿಯ ನಡುವೆ 'ಮನೆಯ ಕ್ಯಾಂಟೀನ್, ಡಬ್ಬಾವಾಲಾ' ಅಂತ ಒಂದು ಸಾಲು ಸಿಕ್ಕಿತು. ನನ್ನಮ್ಮ ಕ್ಯಾಂಟೀನೂ ಅಲ್ಲ, ಡಬ್ಬಾವಾಲಾನೂ ಅಲ್ಲ.

ನನ್ನ ದೊಡ್ಡ ತಕರಾರು ಇರೋದು ಬೇರೆ ಕಡೆ. ಈ ನಿಯಮ ಕೇಳೋ ಮುಖ್ಯ ಪ್ರಶ್ನೆ: ಎಷ್ಟು ದುಡ್ಡಿನ ವ್ಯಾಪಾರ? ಏನು ಮಾಡ್ತೀಯ ಅನ್ನೋದು ಆಮೇಲಿನ ಮಾತು. ಹೀಗಾಗಿ ತಿಂಗಳುಗಟ್ಟಲೆ ಕೆಡದ ಚಟ್ನಿಪುಡಿಗೂ, ನಾಲ್ಕು ಗಂಟೆ ಹೊರಗಿಟ್ಟರೆ ಹೊಟ್ಟೆ ಕೆಡಿಸೋ ಚಿಕನ್ ಬಿರಿಯಾನಿಗೂ ಒಂದೇ ನಮೂನೆ, ಒಂದೇ ಅನುಸೂಚಿ.

ಕ್ಯಾಲಿಫೋರ್ನಿಯಾದಲ್ಲಿರೋ ನನ್ನ ಕಸಿನ್‌ಗೆ ಇದನ್ನು ಹೇಳಿದಾಗ ಅವಳು ಅಲ್ಲಿನ ಕಾನೂನು ಕಳಿಸಿದಳು. 2013ರ ಜನವರಿಯಿಂದ ಜಾರಿಯಲ್ಲಿದೆ. ಅದು ಮೊದಲು ಕೇಳೋದೇ ತಿಂಡಿಯ ಬಗ್ಗೆ. ಫ್ರಿಜ್ ಇಲ್ಲದೆ ಕೆಡದ ತಿನಿಸುಗಳದ್ದೊಂದು ಪಟ್ಟಿ ಇದೆ: ಬ್ರೆಡ್, ಜಾಮ್, ಒಣಹಣ್ಣು, ಹುರಿದ ಕಾಫಿ, ಟೊರ್ಟಿಯಾ, ಒಣಗಿಸಿದ ಮೋಲೆ ಪೇಸ್ಟ್. ಮೆಕ್ಸಿಕನ್ ಅಜ್ಜಿಯರ ಅಡುಗೆಮನೆಯನ್ನು ಯಾರೋ ಇಣುಕಿ ನೋಡಿಯೇ ಆ ಪಟ್ಟಿ ಬರೆದಿದ್ದಾರೆ. ಪಟ್ಟಿಯಲ್ಲಿರೋದನ್ನು ನೇರವಾಗಿ ಗಿರಾಕಿಗೇ ಮಾರಿದರೆ ಮೊದಲೇ ಮನೆ ತಪಾಸಣೆ ಇಲ್ಲ. ಅಂಗಡಿ ಮೂಲಕ ಮಾರಿದರೆ ಉಂಟು. ಪೊಟ್ಟಣದ ಮೇಲೆ 'ಮನೆಯ ಅಡುಗೆಮನೆಯಲ್ಲಿ ಮಾಡಿದ್ದು' ಅಂತ ಎದ್ದು ಕಾಣುವಂತೆ ಬರೆಯಬೇಕು. ಬಿಸಿ ಊಟಕ್ಕೆ 2018ರಲ್ಲಿ ಬೇರೆಯೇ ಕಾನೂನು ಬಂತು: ಆಗಿನ ಮಿತಿ ದಿನಕ್ಕೆ 30 ಊಟ, ವಾರಕ್ಕೆ 60, ಅದೂ ಆಯಾ ಕೌಂಟಿ ಒಪ್ಪಿದರೆ ಮಾತ್ರ. ಅಲ್ಲೂ ಗೊಣಗೋರು ಇದ್ದಾರೆ, ಪಕ್ಕದ ಕೌಂಟಿಯಲ್ಲಿ ಸರಿ ಇರೋದು ನಮ್ಮಲ್ಲಿ ಯಾಕೆ ತಪ್ಪು ಅಂತ. ಆದರೂ ಅಪಾಯ ಎಲ್ಲಿದೆಯೋ ಅಲ್ಲಿ ಬಿಗಿ, ಇಲ್ಲದ ಕಡೆ ಸಡಿಲ ಅನ್ನೋ ಲೆಕ್ಕ ನನಗೆ ಒಪ್ಪಿಗೆಯಾಯ್ತು.

ಹಾಗಾದ್ರೆ ನಮಗೆ ನಂಬರೇ ಬೇಡ ಅಂತೀರಾ? ನಾನೂ ಹಾಗೇ ಬರೆದು ಮುಗಿಸುವವನಿದ್ದೆ. ಎರಡು ವಿಷಯ ತಡೆದವು.

ಮೊದಲನೆಯದು, ಅದೇ ಗ್ರೂಪಿನ ಇತರ ಮೆಸೇಜುಗಳು. 'ಬ್ರಾಹ್ಮಣರ ಮನೆ ಅಡುಗೆ', 'ಮಡಿಯಲ್ಲಿ ಮಾಡಿದ ಪುಳಿಯೋಗರೆ ಗೊಜ್ಜು'. ಮನೆ ಅಡುಗೆ ಅಂದ ಕೂಡಲೇ ನಾವು ನಂಬೋದು ಶುಚಿಯನ್ನು ಅಂದುಕೊಳ್ತೀವಿ. ಬಹಳ ಸಲ ನಂಬೋದು ಯಾರ ಮನೆ ಅನ್ನೋದನ್ನು. ನಮ್ಮಮ್ಮನ ಪುಡಿ ಮೊದಲ ವಾರವೇ ಖರ್ಚಾಗಿದ್ದಕ್ಕೆ ರುಚಿಯೊಂದೇ ಕಾರಣ ಅಲ್ಲ, ನಮ್ಮ ಸರ್‌ನೇಮೂ ಕಾರಣ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ದಿನ ಬೇಕಾಯ್ತು. ನಾಲ್ಕನೇ ಅನುಸೂಚಿ ಉಗುರು ಕೇಳುತ್ತೆ, ಜಾತಿ ಕೇಳಲ್ಲ. ಅಷ್ಟರ ಮಟ್ಟಿಗೆ ಆ ಒಣ ಭಾಷೆ ನಮ್ಮ ಗ್ರೂಪಿಗಿಂತ ಸಭ್ಯ.

ಎರಡನೆಯದು, ನಮ್ಮನೆಗೆ ಕೆಲಸಕ್ಕೆ ಬರೋ ಅಕ್ಕ. ಕಲಬುರಗಿ ಕಡೆಯವರು. ಅವರ ಕಡಕ್ ರೊಟ್ಟಿ ತಿಂದ ಮೇಲೆ ಅಂಗಡಿಯದ್ದು ತಿನ್ನೋಕಾಗಲ್ಲ. ಕಡಕ್ ರೊಟ್ಟಿಗಿಂತ ಒಣ ತಿಂಡಿ ಯಾವುದಿದೆ? ಚೆನ್ನಾಗಿ ಒಣಗಿಸಿ ತೇವ ತಾಗದ ಹಾಗೆ ಇಟ್ಟರೆ ವಾರಗಟ್ಟಲೆ ಏನೂ ಆಗಲ್ಲ. "ಗ್ರೂಪಿನಲ್ಲಿ ಹಾಕೋಣ್ವಾ ಅಕ್ಕಾ?" ಅಂದೆ. "ನನ್ನ ರೊಟ್ಟಿ ಯಾರು ತಗೋತಾರಣ್ಣ, ನಮ್ಮ ಮನಿ ನೋಡಿದ್ರ ತಗೊಳಂಗಿಲ್ಲ" ಅಂದರು. ಅವರಿಗೆ ಆ 14 ಅಂಕಿ ನಮ್ಮಮ್ಮನಿಗಿಂತ ಹೆಚ್ಚು ಉಪಯೋಗ. ಸರ್‌ನೇಮ್ ಮಾಡದ ಕೆಲಸವನ್ನು ನಂಬರ್ ಮಾಡಬಹುದು. ಆದರೆ ಅವರದ್ದು ಒಂದೇ ಕೋಣೆಯ ಮನೆ. ನಲ್ಲಿಯಲ್ಲಿ ನೀರು ಮೂರು ದಿನಕ್ಕೊಮ್ಮೆ. 'ಸಾಕಷ್ಟು ಜಾಗ', 'ನಿರಂತರ ನೀರು' ಅನ್ನೋ ಸಾಲಿನಲ್ಲೇ ಅವರು ಹೊರಗೆ. ಮೂರು ಬೆಡ್‌ರೂಮಿನ ನಾವು ಒಳಗೆ. ಯಾರಿಗೆ ಈ ಕಾಗದ ನಿಜವಾಗಿ ಬೇಕೋ ಅವರಿಗೇ ಸಿಗದ ಹಾಗೆ ಅದನ್ನು ಬರೆದಿದ್ದಾರೆ. ಬೇಕಂತಲೇ ಅಲ್ಲ, ರೊಟ್ಟಿ ಮತ್ತು ಬಿರಿಯಾನಿಯ ವ್ಯತ್ಯಾಸ ಕೇಳದೇ ಇದ್ದುದರಿಂದ.

1959ರಲ್ಲಿ ಮುಂಬೈನ ಏಳು ಹೆಂಗಸರು 80 ರೂಪಾಯಿ ಸಾಲದಲ್ಲಿ ಶುರು ಮಾಡಿದ ಲಿಜ್ಜತ್ ಹಪ್ಪಳದ ಕಥೆ ನಿಮಗೆ ಗೊತ್ತು. ಹಿಟ್ಟು ಕೇಂದ್ರದಲ್ಲಿ ಕಲಸ್ತಾರೆ, ಲಟ್ಟಿಸೋದು ಅವರವರ ಮನೆಯಲ್ಲಿ. ದೇಶವೇ ಆ ಹಪ್ಪಳ ತಿಂದಿದೆ. ಒಣ ತಿಂಡಿಗೆ ಚಿಕ್ಕ ಮನೆ ಅಡ್ಡಿಯಲ್ಲ ಅಂತ ನಮಗೆ ಆಗಲೇ ಗೊತ್ತಿತ್ತು, ನಿಯಮ ಬರೆಯುವಾಗ ಮರೆತೆವು.

ನನ್ನ ಬೇಡಿಕೆ ದೊಡ್ಡದೇನಲ್ಲ. ಪುಡಿ, ಹಪ್ಪಳ, ಸಂಡಿಗೆ, ಕಡಕ್ ರೊಟ್ಟಿ ಇಂಥವಕ್ಕೆ ಒಂದು ಪ್ರತ್ಯೇಕ ಪಟ್ಟಿ ಇರಲಿ. ಷರತ್ತು ನಾಲ್ಕೇ ಸಾಲು, ಕನ್ನಡದಲ್ಲಿ. ನೀರು ಎಲ್ಲಿಂದ ತಂದರೂ ಸರಿ, ಶುದ್ಧವಾಗಿದ್ದರಾಯ್ತು. ನಂಬರ್ ಎಲ್ಲರಿಗೂ ಸಿಗಲಿ.

ನಮ್ಮನೆ ಕಥೆ ಹೇಳಿ ಮುಗಿಸ್ತೀನಿ. ಅರ್ಜಿ ತುಂಬಿಕೊಡೋ ಏಜೆಂಟ್ ಮನೆ ಓನರ್ ಪತ್ರ ಬೇಕು ಅಂದ. ಓನರ್ ಕರೆಂಟ್ ಬಿಲ್ ಕಮರ್ಷಿಯಲ್ ಆಗಿಬಿಡುತ್ತೆ ಅಂತ ಹೆದರಿ ಎರಡು ತಿಂಗಳು ಆಟ ಆಡಿಸಿ ಕೊನೆಗೆ ಸಹಿ ಹಾಕಿದರು. ನಂಬರ್ ಬಂತು. ಸ್ಟಿಕರ್ ಮಾಡಿಸಿದೆವು. ಅದೇ ವಾರ ಮೂರನೇ ಮಹಡಿಯವರು ಕೇಳಿದರು, "ಆಂಟಿ, ನಿಪ್ಪಟ್ಟಲ್ಲಿ ಕಡ್ಲೆಕಾಯಿ ಇದೆಯಾ? ಮಗಳಿಗೆ ಅಲರ್ಜಿ." ಅಮ್ಮ ಗಾಬರಿಯಾದರು. ಅಷ್ಟು ದಿನ ಅವರಿಗೇ ಆ ಮನೆಯವರು ಪೊಟ್ಟಣ ವಾಪಸ್ ಮಾಡ್ತಿದ್ದುದರ ಕಾರಣ ಗೊತ್ತಿರಲಿಲ್ಲ. ಪ್ಯಾಕ್ ಮಾಡಿದ ತಿಂಡಿಯಲ್ಲಿ ಶೇಂಗಾ ಇದ್ದರೆ ಲೇಬಲ್‌ನಲ್ಲಿ ಹೇಳಬೇಕು ಅಂತ 2020ರ ಲೇಬಲಿಂಗ್ ನಿಯಮಾವಳಿಯಲ್ಲಿದೆ. ಏಜೆಂಟ್ ಹೇಳಲಿಲ್ಲ, ನಾನೂ ಅಲ್ಲಿವರೆಗೆ ಓದಿರಲಿಲ್ಲ.

ಈಗ ಅಮ್ಮ ಪ್ರತಿ ಪೊಟ್ಟಣದ ಮೇಲೆ, 14 ಅಂಕಿಯ ಕೆಳಗೆ, ಮಾರ್ಕರ್‌ನಲ್ಲಿ ಕೈಯಾರೆ 'ಕಡ್ಲೆಕಾಯಿ ಇದೆ' ಅಂತ ಬರೀತಾರೆ. ಅಕ್ಷರ ಸ್ವಲ್ಪ ವಕ್ರ. ಅಕ್ಕನ ರೊಟ್ಟಿ ಮಾತ್ರ ಇನ್ನೂ ನಮ್ಮ ಮನೆಗಷ್ಟೇ ಬರ್ತಿದೆ.